ಮದುವೆ ರಿಸೆಪ್ಷನ್‌ಗೆ ಕಮ್ಮಿ ಖರ್ಚಿನ ವೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಂಗಳೂರು ಕಡೆಯ ಕ್ರಿಶ್ಚಿಯನ್ ಕುಟುಂಬ. ಈಗ ಅರ್ಧ ಜನ ಊರಲ್ಲಿ, ಅರ್ಧ ಜನ ಬೆಂಗಳೂರಲ್ಲಿ. ಮದುವೆ ಗೊತ್ತಾದ ಕೂಡಲೇ ಕೇಟರಿಂಗ್ ಒಬ್ಬರ ಪಾಲಿಗೆ, ಬ್ಯಾಂಡ್ ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ವೈನ್ ಮಾತ್ರ ಹೇಗೋ ಯಾವಾಗಲೂ ನನ್ನ ತಲೆಗೇ ಬರುತ್ತದೆ. ಹಾಗಾಗಿ ಫೋನ್ ಮಾಡಿ ಕೇಳುವವರೂ ಜಾಸ್ತಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ನಾನೂ ಹೇಳಿದ್ದನ್ನೇ ಹೇಳುತ್ತೇನೆ. ಅದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು.

## ಶುರುವಿನಲ್ಲಿ ಬರುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ವೈನ್ ಕುಡಿಯುವವರೇ ಇಲ್ಲ. ಟೋಸ್ಟ್‌ಗೆ ವೈನ್ ಇರಲೇಬೇಕಾ?

ಇರಲೇಬೇಕು ಅಂತ ಇಗರ್ಜಿಯ ನಿಯಮ ಏನೂ ಇಲ್ಲ. ಕೇಕ್ ಕಟ್ ಮಾಡಿ, ಯಾರಾದರೂ ಹಿರಿಯರು ನಾಲ್ಕು ಮಾತಾಡಿ, ಎಲ್ಲರೂ ಗ್ಲಾಸ್ ಎತ್ತುವುದು ರೂಢಿ, ಅದೇ ಟೋಸ್ಟ್. ಆ ಗ್ಲಾಸಿನಲ್ಲಿ ಜ್ಯೂಸ್ ಇದ್ದರೂ ಹರಸಿದ್ದು ಹರಸಿದ್ದೇ. ಆದರೆ ನಮ್ಮ ಕಡೆ ವೈನ್ ಇಲ್ಲದಿದ್ದರೆ ಏನೋ ಕಮ್ಮಿಯಾಯಿತು ಅನ್ನುವವರು ಇದ್ದಾರೆ. ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಮದುವೆಗೆ ಒಂದೊಂದು ಗುಟುಕು ಕುಡಿಯುವ ಮಾವ್ಶಿಯರೇ (ಚಿಕ್ಕಮ್ಮ, ದೊಡ್ಡಮ್ಮಂದಿರೇ) ಹಾಗೆ ಅನ್ನುವವರಲ್ಲಿ ಮೊದಲಿಗರು! ನಾನು ವೈನ್ ಆರಿಸುವುದು ಅವರ ನಾಲಿಗೆಯನ್ನು ನೆನಪಿಟ್ಟುಕೊಂಡೇ. ವೈನ್ ಬಗ್ಗೆ ಎಲ್ಲ ಗೊತ್ತಿರುವವರು ಹಾಲ್‌ನಲ್ಲಿ ನಾಲ್ಕೈದು ಜನ ಇರಬಹುದು. ಅವರಿಗಾಗಿ 300 ಜನರ ವೈನ್ ಆರಿಸಲು ಹೋಗಬೇಡಿ.

300 ಜನ ಬರುತ್ತಾರೆ. ಎಷ್ಟು ಬಾಟಲಿ ತರಬೇಕು?

ಮೊದಲು ಒಂದು ವಿಷಯ ತೀರ್ಮಾನಿಸಿ. ಬರೀ ಟೋಸ್ಟ್‌ಗಾ, ಇಲ್ಲ ಊಟ ಮುಗಿಯುವ ತನಕ ಕೊಡುತ್ತೀರಾ? ಎರಡರ ಲೆಕ್ಕ ಪೂರ್ತಿ ಬೇರೆ.

ಟೋಸ್ಟ್‌ಗೆ ಒಬ್ಬರಿಗೆ 60 ಮಿ.ಲೀ. ಸಾಕು, ಒಂದು ದೊಡ್ಡ ಪೆಗ್ಗಿನ ಅಳತೆ. ಬಾಟಲಿ 750 ಮಿ.ಲೀ. ಇರುತ್ತದೆ, ಅಂದರೆ ಒಂದಕ್ಕೆ ಹನ್ನೆರಡೂವರೆ ಗ್ಲಾಸು. 300ರಲ್ಲಿ ಮಕ್ಕಳನ್ನೂ ಮುಟ್ಟದವರನ್ನೂ ಬಿಟ್ಟರೆ 220 ಜನ ಅಂತಿಟ್ಟುಕೊಳ್ಳಿ. 18 ಬಾಟಲಿ ಚೆಲ್ಲದೆ ಸುರಿದರೆ ಸರಿಹೋಗುತ್ತದೆ. ಚೆಲ್ಲದೆ ಸುರಿಯುವವರನ್ನು ನಾನಿನ್ನೂ ನೋಡಿಲ್ಲ. 20 ತನ್ನಿ.

ಊಟದ ಜೊತೆಗೂ ಕೊಡುವುದಾದರೆ ಗ್ಲಾಸಿಗೆ 150 ಮಿ.ಲೀ. ಹಿಡಿಯಿರಿ, ಬಾಟಲಿಗೆ 5 ಗ್ಲಾಸು. ನಿಜವಾಗಿ ವೈನ್ ಕುಡಿಯುವವರು 100 ಜನ, ಒಬ್ಬೊಬ್ಬರಿಗೆ 2 ಗ್ಲಾಸು ಅಂದರೆ 40 ಬಾಟಲಿ. ವಿಸ್ಕಿ, ಬಿಯರ್ ಕೂಡ ಇದ್ದರೆ ಇದರಲ್ಲಿ ಅರ್ಧ ಸಾಕಾಗಬಹುದು. ನಮ್ಮ ಗಂಡಸರು ಆ ಕಡೆಗೇ ಹೋಗುತ್ತಾರೆ, ಅದನ್ನೇನೂ ಹೊಸದಾಗಿ ಹೇಳಬೇಕಾಗಿಲ್ಲ.

ಬಾಟಲಿಗೆ 800 ರೂಪಾಯಿ ಅಂತಿಟ್ಟುಕೊಂಡರೆ ಟೋಸ್ಟ್ 16,000ಕ್ಕೆ ಮುಗಿಯುತ್ತದೆ, ಊಟದ ಜೊತೆಗೆ 32,000 ಆಗುತ್ತದೆ. ದುಡ್ಡು ಉಳಿಸಬೇಕಾದರೆ ಬ್ರ್ಯಾಂಡ್ ಇಳಿಸುವುದಕ್ಕಿಂತ ಗ್ಲಾಸಿನ ಅಳತೆ ಸರಿ ಮಾಡುವುದು ಮೇಲು. ಸುರಿಯುವ ಹುಡುಗರಿಗೆ ಒಂದು ಗ್ಲಾಸಿನಲ್ಲಿ ಅಳತೆಯ ಗೆರೆ ಹಾಕಿ ತೋರಿಸಿ. ಅಷ್ಟಕ್ಕೇ ಮೂರು ನಾಲ್ಕು ಬಾಟಲಿ ಉಳಿಯುತ್ತದೆ.

ರೆಡ್, ವೈಟ್, ರೋಜೆ, ಸ್ಪಾರ್ಕ್ಲಿಂಗ್ ಅಂತೆಲ್ಲ ಇದೆಯಲ್ಲ. ನಾವು ಯಾವುದು ತಗೊಳ್ಳೋದು?

ರೋಜೆ ಅಂದರೆ ತಿಳಿ ಗುಲಾಬಿ ಬಣ್ಣದ್ದು, ಸ್ಪಾರ್ಕ್ಲಿಂಗ್ ಅಂದರೆ ಗುಳ್ಳೆ ಏಳುವಂಥದ್ದು. ಎರಡು ಬಗೆ ಸಾಕು. ಒಂದು ಸ್ವಲ್ಪ ಸಿಹಿ ಇರುವ ವೈಟ್ ಅಥವಾ ರೋಜೆ, ಇನ್ನೊಂದು ತುಂಬ ಒಗರಿಲ್ಲದ ರೆಡ್. ನಾಲ್ಕು ಬಗೆ ಇಟ್ಟರೆ ನಾಲ್ಕರಲ್ಲೂ ಅರ್ಧ ತೆರೆದ ಬಾಟಲಿ ಉಳಿಯುತ್ತದೆ, ಅದೇ ದೊಡ್ಡ ನಷ್ಟ. ಮಧ್ಯಾಹ್ನದ ರಿಸೆಪ್ಷನ್ ಆದರೆ ವೈಟ್ ಜಾಸ್ತಿ ತನ್ನಿ, ರಾತ್ರಿಯದಾದರೆ ಅರ್ಧ ಅರ್ಧ. ವೈಟ್ ಚೆಲ್ಲಿದರೆ ಮದುಮಗಳ ಗೌನಿನ ಮೇಲೆ ಕಲೆ ಕಾಣುವುದಿಲ್ಲ ಅನ್ನುವುದು ಇನ್ನೊಂದು ಲಾಭ. ಸ್ಟೇಜ್ ಮೇಲಿನ ಟ್ರೇಯಲ್ಲಿ ನಾನು ರೆಡ್ ಇಡುವುದೇ ಇಲ್ಲ.

ಕಮ್ಮಿ ಬೆಲೆಯದ್ದು ಕೊಟ್ಟರೆ ಜನ ಏನಂದುಕೊಳ್ಳುತ್ತಾರೋ ಅಂತ ಭಯ.

ಬೆಲೆ ಯಾರಿಗೂ ಗೊತ್ತಾಗುವುದಿಲ್ಲ, ಬಿಸಿಯಾದ ವೈನ್ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ನಾನು ನೋಡಿದ ಮದುವೆಗಳಲ್ಲಿ ವೈನ್ ಬಗ್ಗೆ ದೂರು ಬಂದದ್ದು ಮೂರೇ ಕಾರಣಕ್ಕೆ: ತಣ್ಣಗಿರಲಿಲ್ಲ, ಪ್ಲಾಸ್ಟಿಕ್ ಕಪ್ಪಿನಲ್ಲಿ ಕೊಟ್ಟರು, ಹಿಂದಿನ ಮೇಜುಗಳಿಗೆ ತಲುಪಲಿಲ್ಲ. ಬೈಬಲ್‌ನಲ್ಲಿ ಬರುವ ಗಲಿಲೇಯದ ಕಾನಾ ಊರಿನ ಮದುವೆಯಲ್ಲೂ ವೈನ್ ಮುಗಿದದ್ದೇ ಅಲ್ವಾ ದೊಡ್ಡ ತಲೆನೋವಾದದ್ದು! ಎಲ್ಲರಿಗೂ ಸಿಗುವಷ್ಟು ಸಾಧಾರಣ ವೈನ್ ಇದ್ದರೆ ಯಾರೂ ಏನೂ ಅನ್ನುವುದಿಲ್ಲ.

## ಅಂಗಡಿಯಲ್ಲಿ ನಿಂತಾಗ

ಫಾರಿನ್ ವೈನ್ ತಗೊಂಡರೆ ಒಳ್ಳೆಯದಾ, ನಮ್ಮದೇ ಸಾಕಾ?

ಕಮ್ಮಿ ಬಜೆಟ್‌ಗೆ ನಮ್ಮದೇ ಒಳ್ಳೆಯದು. ಇದನ್ನು ದೇಶಾಭಿಮಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿ ಹೇಳುತ್ತಿದ್ದೇನೆ. ಹೊರಗಿನ ವೈನ್ ಮೇಲೆ ಹಲವು ವರ್ಷ 150 ಶೇಕಡಾ ಆಮದು ಸುಂಕ ಇತ್ತು. 2022ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ ಜಾರಿಗೆ ಬಂದಾಗ ಸುಂಕ ಇಳಿಯಿತು. ಆದರೆ ಅದು ಬಾಟಲಿಗೆ 5 ಅಮೆರಿಕನ್ ಡಾಲರ್‌ಗಿಂತ ಮೇಲಿನ ವೈನ್‌ಗೆ ಮಾತ್ರ. ಅಂದರೆ ಅಲ್ಲಿಯ ತೀರಾ ಅಗ್ಗದ ವೈನ್‌ಗೆ ಆ ಲಾಭ ಸಿಗಲಿಲ್ಲ. ಹೊರಗಿನ ಬಾಟಲಿಗೆ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಸುಂಕ ಮತ್ತು ಹಡಗಿನ ಬಾಡಿಗೆ. ಅದೇ ದುಡ್ಡಿಗೆ ಇಲ್ಲಿಯದು ಇನ್ನೂ ಮೇಲಿನ ದರ್ಜೆಯದ್ದು ಸಿಗುತ್ತದೆ.

ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಜಂಪಾ ವೈನ್ ಕಂಪನಿಯ ದ್ರಾಕ್ಷಿ ತೋಟವಿದೆ. ನಾಸಿಕ್‌ನಲ್ಲಿ ಶುರುವಾದ ಸುಲಾಗೆ ನಮ್ಮ ಚನ್ನಪಟ್ಟಣದ ಹತ್ತಿರವೂ ಘಟಕ ಇದೆ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಿಂದ ಫ್ರಾಟೆಲ್ಲಿ ಬರುತ್ತದೆ. ಹಂಪಿ ಕಡೆಯ ಕೃಷ್ಮಾ ತುಂಬ ಚೆನ್ನಾಗಿದೆ, ಆದರೆ 300 ಜನರ ಬಜೆಟ್‌ಗೆ ಅಲ್ಲ. ಅದನ್ನು ಮದುಮಕ್ಕಳಿಗೆ ಉಡುಗೊರೆ ಕೊಡಿ. ಉಳಿದ ಮೂರೂ ಹೆಸರುಗಳಲ್ಲಿ ದುಬಾರಿಯೂ ಇದೆ, ಸಾಧಾರಣ ಬೆಲೆಯದ್ದೂ ಇದೆ. ಮದುವೆಗೆ ಕೆಳಗಿನಿಂದ ಎರಡನೇ ಮೆಟ್ಟಿಲಿನದು ತಗೊಳ್ಳಿ. ತೀರಾ ಕೆಳಗಿನದ್ದು ಕೆಲವು ಸಲ ಬರೀ ಸಕ್ಕರೆ ನೀರಿನ ಹಾಗಿರುತ್ತದೆ.

ಅಜ್ಜಿಗೆ ಪೋರ್ಟ್ ವೈನ್ ಅಂದರೆ ಇಷ್ಟ. ಎಲ್ಲರಿಗೂ ಅದನ್ನೇ ಕೊಟ್ಟರೆ ಆಗಲ್ವಾ? ತುಂಬ ಅಗ್ಗ ಬೇರೆ.

ಆಗುತ್ತದೆ. ಮಾಡಿದವರನ್ನೂ ನೋಡಿದ್ದೇನೆ. ಹೆಸರಿನ ಗೊಂದಲ ಮಾತ್ರ ತಿಳಿದಿರಲಿ. ನಿಜವಾದ ಪೋರ್ಟ್ ಪೋರ್ಚುಗಲ್‌ನ ದೋರು ನದಿಯ ಕಣಿವೆಯದ್ದು. ಹುಳಿಯುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಬ್ರಾಂಡಿ ಸೇರಿಸುತ್ತಾರೆ. ಅದರಲ್ಲಿ ಆಲ್ಕೋಹಾಲ್ ಸುಮಾರು 20 ಶೇಕಡಾ. ನಮ್ಮಲ್ಲಿ ಪೋರ್ಟ್ ಅಂತ ಸಿಗುವುದು ಆ ವೈನ್ ಅಲ್ಲ, ಬೇರೆಯೇ ಒಂದು ಸಿಹಿ ಕೆಂಪು ವೈನ್.

ನನ್ನ ಅಭಿಪ್ರಾಯ ಹೀಗೆ: ಟೋಸ್ಟ್‌ನ 60 ಮಿ.ಲೀ.ಗೆ ಅದು ಚೆನ್ನಾಗಿಯೇ ಇದೆ, ಪ್ಲಮ್ ಕೇಕ್ ಜೊತೆಗಂತೂ ಹೊಂದುತ್ತದೆ. ಊಟದ ಜೊತೆ ಎರಡು ಗ್ಲಾಸು ಕುಡಿದರೆ ಬಾಯಿ ಕಟ್ಟುತ್ತದೆ. ಹಾಗಾಗಿ 20 ಬಾಟಲಿಯಲ್ಲಿ 6 ಸಿಹಿ ಕೆಂಪು, 14 ಬೇರೆ ಅಂತ ಮಾಡಿ. ಅಜ್ಜಿಯರ ಮೇಜು ಯಾವುದು ಅಂತ ಬಡಿಸುವವರಿಗೆ ಮೊದಲೇ ತೋರಿಸಿಡಿ.

ವೈನ್ ಹಳೆಯದಾದಷ್ಟೂ ರುಚಿ ಅಂತಾರಲ್ಲ. ಹಳೇ ವರ್ಷದ್ದು ಹುಡುಕಬೇಕಾ?

ಬೇಡ. ಹಳೆಯದಾದಷ್ಟೂ ಚೆನ್ನಾಗುವುದು ಕೆಲವೇ ಕೆಲವು ದುಬಾರಿ ವೈನ್. ಸಾಧಾರಣ ಬೆಲೆಯ ವೈಟ್ ಮತ್ತು ರೋಜೆ ಒಂದೆರಡು ವರ್ಷದಲ್ಲೇ ಕುಡಿಯಬೇಕಾದವು. ರೆಡ್ ಇನ್ನೂ ಸ್ವಲ್ಪ ಕಾಲ ತಡೆಯುತ್ತದೆ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಯುವುದು ಸೆಪ್ಟೆಂಬರ್ ಹೊತ್ತಿಗೆ, ನಮ್ಮಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ. ಹಾಗಾಗಿ ಡಿಸೆಂಬರ್ ಮದುವೆಗೆ ಅದೇ ವರ್ಷದ ಫಸಲಿನ ವೈಟ್ ಸಿಕ್ಕರೂ ಆಶ್ಚರ್ಯವಿಲ್ಲ, ಸಿಕ್ಕರೆ ಅದನ್ನೇ ತಗೊಳ್ಳಿ. ಅಂಗಡಿಯವರು ಡಿಸ್ಕೌಂಟ್ ಹೇಳಿದ ಕೂಡಲೇ ಲೇಬಲ್ ಮೇಲಿನ ವರ್ಷ ನೋಡಿ. ನಾಲ್ಕು ವರ್ಷ ಹಿಂದಿನ ವೈಟ್, ಅದೂ ಟ್ಯೂಬ್‌ಲೈಟ್ ಕೆಳಗೆ ನಿಂತೇ ಇದ್ದದ್ದು, ಬಣ್ಣ ಕಂದು ತಿರುಗಿದ್ದು, ಪುಕ್ಕಟೆ ಕೊಟ್ಟರೂ ಬೇಡ.

ರುಚಿ ನೋಡದೆ 20 ಬಾಟಲಿ ಹೇಗೆ ತಗೊಳ್ಳೋದು?

ರುಚಿ ನೋಡಿಯೇ ತಗೊಳ್ಳಿ. ಮದುವೆಗೆ ಒಂದು ತಿಂಗಳು ಇರುವಾಗ ನಾಲ್ಕು ಬಗೆಯನ್ನು ಒಂದೊಂದೇ ಬಾಟಲಿ ತನ್ನಿ. ತಣ್ಣಗೆ ಮಾಡಿ. ಲೇಬಲ್ ಕಾಣದ ಹಾಗೆ ಹಳೇ ಪೇಪರ್ ಸುತ್ತಿ 1, 2, 3, 4 ಅಂತ ಬರೆಯಿರಿ. ಭಾನುವಾರದ ಊಟಕ್ಕೆ ಏಳೆಂಟು ಜನರನ್ನು ಕರೆಯಿರಿ. ಅದರಲ್ಲಿ ವೈನ್ ಗೊತ್ತಿರುವವರು ಒಬ್ಬರೇ ಇರಲಿ, ಉಳಿದವರು ನಿಮ್ಮ ಮದುವೆಗೆ ಬರುವಂಥ ಮಾಮೂಲಿ ಜನ ಆಗಿರಲಿ. ಮದುವೆಯಲ್ಲಿ ಮಾಡಿಸುವ ಅಡುಗೆಯನ್ನೇ ಇಟ್ಟುಕೊಂಡು ಕುಡಿಸಿ. ಊಟ ಮುಗಿದಾಗ ಯಾವ ಬಾಟಲಿ ಖಾಲಿಯಾಗಿದೆ ನೋಡಿ. ಬಾಯಲ್ಲಿ ಏನೇ ಹೊಗಳಲಿ, ಖಾಲಿಯಾದದ್ದೇ ಗೆದ್ದದ್ದು.

ನಮ್ಮಲ್ಲಿ ಒಮ್ಮೆ ಹೀಗೆ ಮಾಡಿದಾಗ, ಎಲ್ಲಕ್ಕಿಂತ ದುಬಾರಿ ರೆಡ್ ಮುಕ್ಕಾಲು ಪಾಲು ಹಾಗೆಯೇ ಉಳಿದಿತ್ತು. ಅದನ್ನು ತಂದವನು ನಾನೇ.

ಗೋವಾದಲ್ಲಿ ತುಂಬ ಅಗ್ಗ ಅಂತೆ. ಕಾರಿನಲ್ಲಿ ಎರಡು ಪೆಟ್ಟಿಗೆ ತಂದುಬಿಟ್ಟರೆ?

ತರಬೇಡಿ. ಪರ್ಮಿಟ್ ಇಲ್ಲದೆ ಬೇರೆ ರಾಜ್ಯದಿಂದ ಪೆಟ್ಟಿಗೆಗಟ್ಟಲೆ ತಂದರೆ ಅಬಕಾರಿ ಕಾನೂನಿನಲ್ಲಿ ಅಪರಾಧ. ಕಾರವಾರದ ಮಾಜಾಳಿ ಚೆಕ್‌ಪೋಸ್ಟ್ ಇರುವುದೇ ಇಂಥದ್ದಕ್ಕೆ. ಮಾಲಿನ ಜೊತೆ ಗಾಡಿಯೂ ಹೋಗಬಹುದು. ಮದುವೆಗೆ ಒಂದು ವಾರ ಇರುವಾಗ ಮದುಮಗನ ಅಣ್ಣ ಸ್ಟೇಷನ್‌ನಲ್ಲಿ ಕೂತಿರುವುದು ಬೇಕಾ?

## ಹಾಲ್, ಲೈಸೆನ್ಸ್, ಅಬಕಾರಿ

ಬರೀ ಒಂದು ಗುಟುಕು ಟೋಸ್ಟ್. ಅದಕ್ಕೂ ಪರ್ಮಿಶನ್ ಬೇಕಾ?

ಗುಟುಕು ಎಷ್ಟು ಅಂತ ಕಾನೂನು ಕೇಳುವುದಿಲ್ಲ. ಬಾಡಿಗೆ ಹಾಲ್‌ನಲ್ಲಿ ಮದ್ಯ ಕೊಡುವುದಾದರೆ ಕರ್ನಾಟಕದಲ್ಲಿ ಸಿಎಲ್-5 ಅನ್ನುವ ತಾತ್ಕಾಲಿಕ ಲೈಸೆನ್ಸ್ ಇದೆ, ಸಮಾರಂಭಗಳಿಗೆಂದೇ ಇರುವಂಥದ್ದು. ಅಬಕಾರಿ ಇಲಾಖೆಯಿಂದ ಪಡೆಯಬೇಕು. ನಿಮ್ಮ ವ್ಯಾಪ್ತಿಯ ಅಬಕಾರಿ ಕಚೇರಿಯಲ್ಲಿ ಕೇಳಿದರೆ ಈಗಿನ ಶುಲ್ಕ, ಬೇಕಾದ ಕಾಗದಪತ್ರ ಎಲ್ಲ ಹೇಳುತ್ತಾರೆ. ಕೊನೆಯ ವಾರಕ್ಕೆ ಬಿಡಬೇಡಿ, ಮೂರು ವಾರ ಮೊದಲೇ ಓಡಾಡಿ. ಆ ಶುಲ್ಕವನ್ನೂ ವೈನ್ ಬಜೆಟ್‌ಗೇ ಸೇರಿಸಿ. ಬಹಳ ಜನ ಇದನ್ನು ಮರೆತು ಆಮೇಲೆ ಬಾಟಲಿಯ ಸಂಖ್ಯೆ ಕಡಿತ ಮಾಡುತ್ತಾರೆ.

ಅದಕ್ಕೂ ಮೊದಲು ಹಾಲ್‌ನವರನ್ನು ಕೇಳಿ. ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಮದ್ಯ ಪೂರ್ತಿ ನಿಷೇಧ. ಇಗರ್ಜಿಯ ಹಾಲ್‌ಗಳಿಗೂ ಅವುಗಳದೇ ನಿಯಮ ಇರುತ್ತದೆ. ಅಡ್ವಾನ್ಸ್ ಕೊಟ್ಟ ಮೇಲೆ ಗೊತ್ತಾದರೆ ಏನೂ ಮಾಡುವ ಹಾಗಿಲ್ಲ.

ನಮ್ಮ ಮದುವೆ ಚುನಾವಣೆಯ ಹೊತ್ತಿಗೆ ಬಂದಿದೆ. ಏನಾದರೂ ತೊಂದರೆಯಾ?

ದೊಡ್ಡ ತೊಂದರೆಯೇ. ಮತದಾನ ಮುಗಿಯುವ ಹೊತ್ತಿನಿಂದ ಹಿಂದಕ್ಕೆ 48 ಗಂಟೆ ಆ ಕ್ಷೇತ್ರದಲ್ಲಿ ಮದ್ಯ ಮಾರುವ ಹಾಗಿಲ್ಲ, ಹಂಚುವ ಹಾಗೂ ಇಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯಲ್ಲೇ ಇದು ಬರೆದಿದೆ. ಎಣಿಕೆಯ ದಿನವೂ ಡ್ರೈ ಡೇ, ಅಂದರೆ ಮದ್ಯ ಮಾರುವ ಹಾಗಿಲ್ಲ. ಅಕ್ಟೋಬರ್ 2 ಸಹ ಹಾಗೆಯೇ. ನಿಮ್ಮ ದಿನಾಂಕ ಅದರಲ್ಲಿ ಸಿಕ್ಕಿಕೊಂಡರೆ ಮೊದಲೇ ವೈನ್ ತಂದಿಟ್ಟರೂ ಹಂಚಲು ಬರುವುದಿಲ್ಲ. ಆ ದಿನ ಜ್ಯೂಸ್‌ನಲ್ಲೇ ಟೋಸ್ಟ್ ಮಾಡಿ. ಸಿಹಿಯಾಗಿಯೇ ಇರುತ್ತದೆ!

ಮನೆಯಲ್ಲಿ ಮಾಡಿದ ವೈನ್ ಕೊಟ್ಟರೆ ಹೇಗೆ? ಅಮ್ಮ ತುಂಬ ಚೆನ್ನಾಗಿ ಮಾಡುತ್ತಾರೆ.

ಈ ಪ್ರಶ್ನೆ ಕೊಡಗಿನವರಿಂದಲೂ ಬರುತ್ತದೆ, ನಮ್ಮ ಕಡೆಯವರಿಂದಲೂ ಬರುತ್ತದೆ. ನಮ್ಮಲ್ಲಿ ಕ್ರಿಸ್‌ಮಸ್‌ಗೆ ಭರಣಿಯಲ್ಲಿ ಹಾಕುವುದು ಸಾಮಾನ್ಯವಾಗಿ ಬೆಂಗಳೂರು ನೀಲಿ ದ್ರಾಕ್ಷಿಯಿಂದ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ದ್ರಾಕ್ಷಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಸಿಪ್ಪೆ ಜಾರುವ, ಘಮ ಜೋರಾಗಿರುವ ಹಣ್ಣು. ಜ್ಯೂಸ್‌ಗೂ ಸಿಹಿ ವೈನ್‌ಗೂ ಹೇಳಿ ಮಾಡಿಸಿದ್ದು.

ಆದರೆ ಮದುವೆಗೆ ಬೇಡ ಅನ್ನುತ್ತೇನೆ. ಭರಣಿಯಿಂದ ಭರಣಿಗೆ ರುಚಿ ಬದಲಾಗುತ್ತದೆ. ಹುಳಿಯುವುದು ಪೂರ್ತಿ ನಿಲ್ಲುವ ಮೊದಲೇ ಬಾಟಲಿಗೆ ತುಂಬಿದರೆ ಸೆಖೆಗೆ ಮುಚ್ಚಳ ಹಾರಬಹುದು, ಗಾಜು ಒಡೆಯಬಹುದು. ಮನೆಯ ನಾಲ್ಕು ಜನ ಕುಡಿಯುವುದು ಬೇರೆ, ಹಾಲ್‌ನಲ್ಲಿ ನೂರಾರು ಜನರಿಗೆ ಹಂಚುವುದು ಬೇರೆ. ಲೈಸೆನ್ಸ್ ಇಲ್ಲದೆ ಮಾಡಿದ ಮದ್ಯ ಅಲ್ಲಿ ಸಿಕ್ಕಿದರೆ ಸಿಎಲ್-5 ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. ಅಮ್ಮನ ವೈನ್‌ಗೆ ಒಳ್ಳೆಯ ಜಾಗ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ. ತೆಂಗಿನ ಹಾಲು ಹಚ್ಚಿಸಿಕೊಂಡು ಕೂತ ಮದುಮಗಳಿಗೆ, ಮನೆಯವರಿಗೆ, ಒಂದೊಂದು ಚಿಕ್ಕ ಗ್ಲಾಸು.

ಹೋಟೆಲ್‌ನವರು ನಾವೇ ತಂದ ಬಾಟಲಿಗೂ ದುಡ್ಡು ಕೇಳುತ್ತಿದ್ದಾರೆ. ಇದು ಸರಿಯಾ?

ಅದಕ್ಕೆ ಕಾರ್ಕೇಜ್ ಅನ್ನುತ್ತಾರೆ. ತೆರೆಯುವುದು, ತಣಿಸುವುದು, ಗ್ಲಾಸು ಕೊಡುವುದು, ತೊಳೆಯುವುದು ಇದಕ್ಕೆಲ್ಲ ಸೇರಿ ಬಾಟಲಿಗಿಷ್ಟು. ಲೆಕ್ಕ ಸುಲಭ: ಅಂಗಡಿ ಬೆಲೆಗೆ ಕಾರ್ಕೇಜ್ ಕೂಡಿಸಿ, ಹೋಟೆಲ್ ಮೆನುವಿನ ಬೆಲೆ ಜೊತೆ ಹೋಲಿಸಿ. ಅಗ್ಗದ ವೈನ್‌ಗೆ ಕಾರ್ಕೇಜ್ ಕೊಡುವುದು ಹೆಚ್ಚಾಗಿ ನಷ್ಟವೇ. 800ರ ಬಾಟಲಿಗೆ 700 ಕಾರ್ಕೇಜ್ ಅಂದರೆ ಅರ್ಥವೇ ಇಲ್ಲ. ಬದಲಿಗೆ ಟೋಸ್ಟ್‌ನ ವೈನನ್ನು ತಲೆಗಿಷ್ಟು ಅನ್ನುವ ಊಟದ ದರದಲ್ಲೇ ಸೇರಿಸಿ ಅಂತ ಚೌಕಾಸಿ ಮಾಡಿ. 300 ಊಟ ಕೊಡುವವರ ಹತ್ತಿರ ಕೇಳುವ ಹಕ್ಕು ನಿಮಗಿದೆ. ಒಪ್ಪಿದ್ದನ್ನು ಬರೆಸಿಕೊಳ್ಳಿ, ಯಾವ ವೈನ್ ಅನ್ನುವ ಹೆಸರಿನ ಸಮೇತ.

## ಊಟ, ತಂಪು, ಗ್ಲಾಸು

ಊಟಕ್ಕೆ ಪೋರ್ಕ್ ಬಫಾತ್, ಚಿಕನ್ ಸುಕ್ಕ, ಸನ್ನಾ. ಇಷ್ಟು ಖಾರಕ್ಕೆ ಯಾವ ವೈನ್ ಹೋಗುತ್ತದೆ?

ಮಾಂಸಕ್ಕೆ ರೆಡ್, ಮೀನಿಗೆ ವೈಟ್ ಅನ್ನುವ ಸೂತ್ರ ಮರೆತುಬಿಡಿ. ಅದನ್ನು ಮಾಡಿದವರು ನಮ್ಮ ಬ್ಯಾಡಗಿ ಮೆಣಸು ನೋಡಿದವರಲ್ಲ. ರೆಡ್ ವೈನ್‌ನಲ್ಲಿ ದ್ರಾಕ್ಷಿ ಸಿಪ್ಪೆಯಿಂದ ಬರುವ ಒಗರು ಇರುತ್ತದೆ, ಟ್ಯಾನಿನ್ ಅಂತಾರೆ. ಖಾರದ ಬಾಯಿಗೆ ಆ ಒಗರೂ ಆಲ್ಕೋಹಾಲೂ ಸೇರಿದರೆ ಉರಿ ಇನ್ನೂ ಏರುತ್ತದೆ. ಸ್ವಲ್ಪ ಸಿಹಿ ಮತ್ತು ತಂಪು ಇದ್ದರೆ ಉರಿ ಇಳಿಯುತ್ತದೆ. ಬಫಾತ್‌ಗೆ ನಾನು ಕೊಡುವುದು ಸಣ್ಣ ಸಿಹಿ ಇರುವ ಶೆನಿನ್ ಬ್ಲಾಂಕ್. ಇದು ನಮ್ಮ ದೇಶದಲ್ಲಿ ಚೆನ್ನಾಗಿ ಬೆಳೆಯುವ ವೈಟ್ ದ್ರಾಕ್ಷಿ, ಬೆಲೆಯೂ ಹೆಚ್ಚಿಲ್ಲ. ಅದಿಲ್ಲದಿದ್ದರೆ ಜಿನ್‌ಫಂಡೆಲ್ ರೋಜೆ. ಹಂದಿಯ ಕೊಬ್ಬನ್ನು ವೈನ್‌ನ ಹುಳಿ ಕತ್ತರಿಸುತ್ತದೆ, ಖಾರವನ್ನು ಸಿಹಿ ಸಂಭಾಳಿಸುತ್ತದೆ.

ರೆಡ್ ಬೇಕೇ ಬೇಕು ಅನ್ನುವವರಿಗೆ ಹಗುರವಾದ ಶಿರಾಜ್ ಕೊಡಿ, ಕುಡಿಸುವ ಅರ್ಧ ಗಂಟೆ ಮೊದಲು ಫ್ರಿಜ್‌ನಲ್ಲಿಡಿ. ಒಗರು ಜಾಸ್ತಿ ಇರುವ ಕ್ಯಾಬರ್ನೆ ಸುವಿನ್ಯೋನ್ ಖಾರದ ಊಟಕ್ಕೆ ಬೇಡ. ಕೊಡಗಿನ ಪಂದಿ ಕರಿಯಲ್ಲಿ ಕಾಚಂಪುಳಿಯ ಹುಳಿ, ಕರಿಮೆಣಸು ಇರುವುದರಿಂದ ಅಲ್ಲಿ ಶಿರಾಜ್ ಚೆನ್ನಾಗಿಯೇ ಹೊಂದುತ್ತದೆ.

ಏಪ್ರಿಲ್‌ನಲ್ಲಿ ಮದುವೆ, ಮಂಗಳೂರಿನ ಸೆಖೆ. 20 ಬಾಟಲಿ ತಣಿಸುವುದು ಹೇಗೆ?

ನನಗೆ ಕೇಳಿದರೆ ವೈನ್ ಬಜೆಟ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಖರ್ಚಾಗುವ ದುಡ್ಡು ಐಸಿನದು. ವೈಟ್ ಮತ್ತು ರೋಜೆ 8ರಿಂದ 10 ಡಿಗ್ರಿ ಇರಬೇಕು, ಸ್ಪಾರ್ಕ್ಲಿಂಗ್ 6ರಿಂದ 8. ರೆಡ್ ರೂಮ್ ಟೆಂಪರೇಚರ್‌ನಲ್ಲಿ ಅನ್ನುತ್ತಾರೆ. ಆ ರೂಮು ಯುರೋಪಿನದು, 16ರಿಂದ 18 ಡಿಗ್ರಿ. ನಮ್ಮ ಊರಿನ 34 ಡಿಗ್ರಿಯಲ್ಲಿ ಕೊಟ್ಟರೆ ಕಷಾಯ ಆಗುತ್ತದೆ.

ಕೇಟರರ್‌ನ ಫ್ರಿಜ್ ನಂಬಬೇಡಿ, ಅದರಲ್ಲಿ ಐಸ್‌ಕ್ರೀಮ್, ಸಲಾಡ್ ತುಂಬಿರುತ್ತದೆ. ಎರಡು ದೊಡ್ಡ ಟಬ್ ತನ್ನಿ. ಐಸ್ ಹಾಕಿ, ಅದು ಮುಳುಗುವಷ್ಟು ನೀರು ಹಾಕಿ, ಎರಡು ಮುಷ್ಟಿ ಕಲ್ಲುಪ್ಪು ಹಾಕಿ. ಬರೀ ಐಸಿನಲ್ಲಿ ಬಾಟಲಿ ನಿಲ್ಲಿಸಿದರೆ ಮಧ್ಯೆ ಗಾಳಿ ಇರುತ್ತದೆ, ಬೇಗ ತಣಿಯುವುದಿಲ್ಲ. ನೀರು ಇದ್ದರೆ ಬಾಟಲಿಯ ಸುತ್ತಲೂ ತಂಪು ತಾಗುತ್ತದೆ. ಉಪ್ಪು ಬಿದ್ದರೆ ಆ ನೀರು ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. 20ರಿಂದ 25 ನಿಮಿಷ ಸಾಕು. 20 ಬಾಟಲಿಗೆ 20 ಕಿಲೋ ಐಸ್ ಹಿಡಿಯಿರಿ.

ಬಂದರಿನ ಐಸ್ ಪ್ಲಾಂಟ್‌ನ ಗಡ್ಡೆ ಅಗ್ಗ. ಹೊರಗಿನಿಂದ ತಣಿಸಲು ಅದೇ ಆಗುತ್ತದೆ, ಗ್ಲಾಸಿಗೆ ಮಾತ್ರ ಹಾಕಬೇಡಿ. ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಡುವ ಉಪಾಯವನ್ನೂ ಮಾಡಬೇಡಿ. ನಾವು ಒಮ್ಮೆ ಮಾಡಿದೆವು. ವೈನ್ ಚೆನ್ನಾಗಿತ್ತು, ಬಾಟಲಿಗೆ ಮಾತ್ರ ಬಂಗುಡೆಯ ವಾಸನೆ.

ಇನ್ನೊಂದು ಮಾತು: ತಂದ ಬಾಟಲಿಗಳನ್ನು ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಒಂದು ಮಧ್ಯಾಹ್ನ ಸಾಕು, ರುಚಿ ಹೋಗಲು.

ಗ್ಲಾಸಿಗೆ ಬಾಡಿಗೆ ಕೊಡಬೇಕಾ? ಪ್ಲಾಸ್ಟಿಕ್ ಕಪ್ ಆಗಲ್ವಾ?

ಗಾಜಿನದೇ ಬಾಡಿಗೆಗೆ ತನ್ನಿ. ಕಾಲಿರುವ ವೈನ್ ಗ್ಲಾಸೇ ಬೇಕು ಅಂತಿಲ್ಲ. ಟೋಸ್ಟ್‌ಗೆ ಚಿಕ್ಕದು ಒಳ್ಳೆಯದು. ದೊಡ್ಡ ಗ್ಲಾಸಿನಲ್ಲಿ 60 ಮಿ.ಲೀ. ಹಾಕಿದರೆ ತಳದಲ್ಲಿ ನಾಲ್ಕು ಹನಿ ಕಂಡ ಹಾಗೆ ಕಾಣುತ್ತದೆ, ಜಿಪುಣರು ಅಂತ ಹೆಸರು ಬರುತ್ತದೆ. ಅದೇ ವೈನ್ ಚಿಕ್ಕ ಗ್ಲಾಸಿನಲ್ಲಿ ತುಂಬಿದ ಹಾಗೆ ಕಾಣುತ್ತದೆ.

ಮಕ್ಕಳಿಗೆ, ಕುಡಿಯದವರಿಗೆ ಏನು ಕೊಡೋದು?

ಪುನರ್ಪುಳಿ (ಕೋಕಂ) ಶರಬತ್ತು. ರೆಡ್ ವೈನ್‌ನಂಥದ್ದೇ ಬಣ್ಣ, ಅದೇ ಗ್ಲಾಸು, ಖರ್ಚು ಏನೂ ಇಲ್ಲ. ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಅದೇ ಕಾರಣಕ್ಕೆ ಟ್ರೇ ಬೇರೆ ಬೇರೆ ಇರಲಿ, ಅದಲು ಬದಲಾಗುವ ಹಾಗಿಲ್ಲ. ಗರ್ಭಿಣಿಯರು, ಮಾತ್ರೆ ತಗೊಳ್ಳುವ ಹಿರಿಯರು, ಗಾಡಿ ಓಡಿಸುವವರು ಯಾರ ಕಣ್ಣಿಗೂ ಬೀಳದೆ ಅದನ್ನು ಎತ್ತಿಕೊಳ್ಳಬಹುದು. ಕರ್ನಾಟಕದಲ್ಲಿ 21 ವರ್ಷ ಆಗದವರಿಗೆ ವೈನ್ ಟ್ರೇ ಬೇಡ, ಅವರು ಮದುಮಗಳ ತಮ್ಮನೇ ಆಗಿದ್ದರೂ. ಗಾಡಿ ಓಡಿಸುವವರ ರಕ್ತದಲ್ಲಿ 100 ಮಿ.ಲೀ.ಗೆ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಕೇಸು. ಊಟದ ಜೊತೆ ಎರಡು ಗ್ಲಾಸು ಆದವರಿಗೆ ಕ್ಯಾಬ್ ಹೇಳಿಸಿ.

## ಸ್ವಲ್ಪ ಒಳಗಿನ ವಿಷಯ

ಸ್ಪಾರ್ಕ್ಲಿಂಗ್ ತಂದಿದ್ದೆವು, ಕೇಕ್ ಜೊತೆ ಹುಳಿ ಹುಳಿ ಅನ್ನಿಸಿತು. ಹಾಳಾಗಿತ್ತಾ?

ಹಾಳಾಗಿರಲಿಲ್ಲ, ನೀವು ತಂದದ್ದು ಬಹುಶಃ ಬ್ರೂಟ್. ಬಾಯಲ್ಲಿ ಐಸಿಂಗ್ ಇರುವಾಗ ಸಿಹಿ ಇಲ್ಲದ ವೈನ್ ಕುಡಿದರೆ ನಿಂಬೆಹಣ್ಣು ಕಚ್ಚಿದ ಹಾಗಾಗುತ್ತದೆ. ವೈನ್ ಕೇಕ್‌ನಷ್ಟಾದರೂ ಸಿಹಿ ಇರಬೇಕು, ಅದೇ ಲೆಕ್ಕ.

ಲೇಬಲ್ ಮೇಲಿನ ಮಾತು ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅಂದರೆ ಇನ್ನೂ ಕಮ್ಮಿ ಅಂತ ಅನ್ನಿಸುತ್ತದೆ ಅಲ್ವಾ? ಇಲ್ಲ, ಅದು 12ರಿಂದ 17 ಗ್ರಾಂ, ಬ್ರೂಟ್‌ಗಿಂತ ಸಿಹಿ. ಡೆಮಿ ಸೆಕ್ ಅಂದರೆ 32ರಿಂದ 50 ಗ್ರಾಂ. ಕೇಕ್‌ಗೆ ಬೇಕಾದದ್ದು ಇದು. ಡೆಮಿ ಸೆಕ್ ಸಿಗದಿದ್ದರೆ ಕ್ರಮ ಬದಲಾಯಿಸಿ. ಮೊದಲು ಟೋಸ್ಟ್, ಆಮೇಲೆ ಕೇಕ್ ಹಂಚುವುದು. ಕಾರ್ಯಕ್ರಮ ನಡೆಸುವ ಎಂಸಿಗೆ ಹೇಳಿದರೆ ಆಯಿತು, ಒಂದು ಪೈಸೆ ಖರ್ಚಿಲ್ಲ. ಅಂದ ಹಾಗೆ, ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಲ್ಲಿ ಮಾಡಿದ್ದಕ್ಕೆ ಮಾತ್ರ ಶಾಂಪೇನ್ ಅನ್ನುತ್ತಾರೆ. ಇನ್ವಿಟೇಶನ್‌ನಲ್ಲಿ ಶಾಂಪೇನ್ ಟೋಸ್ಟ್ ಅಂತ ಅಚ್ಚು ಹಾಕಿಸಬೇಡಿ.

ಸ್ಪಾರ್ಕ್ಲಿಂಗ್ ಬಾಟಲಿ ತೆರೆಯುವಾಗ ಅರ್ಧ ಚೆಲ್ಲಿಹೋಗುತ್ತದೆ. ಉಪಾಯ ಇದೆಯಾ?

ಒಳಗಿನ ಒತ್ತಡ ಐದಾರು ವಾತಾವರಣದಷ್ಟು, ಕಾರಿನ ಟೈರಿಗಿಂತ ಜಾಸ್ತಿ. ಬಾಟಲಿ ಚೆನ್ನಾಗಿ ತಣಿದಿರಬೇಕು, ಅಲುಗಾಡಿರಬಾರದು. ತಂತಿ ಬಿಚ್ಚುವಾಗ ಹೆಬ್ಬೆರಳು ಕಾರ್ಕ್ ಮೇಲಿರಲಿ. 45 ಡಿಗ್ರಿ ಓರೆಯಾಗಿ ಹಿಡಿದು, ಕಾರ್ಕ್ ಗಟ್ಟಿ ಹಿಡಿದುಕೊಂಡು ಬಾಟಲಿಯನ್ನು ತಿರುಗಿಸಿ. ಟುಸ್ ಅಂತ ಸಣ್ಣ ಸದ್ದಾಗಬೇಕು. ಫೋಟೋದವರಿಗೆ ಢಬ್ ಅನ್ನಿಸಲೇಬೇಕಾದರೆ ಅದಕ್ಕೆ ಒಂದೇ ಬಾಟಲಿ, ಜನರ ಕಡೆಗೆ ಬಾಯಿ ಮಾಡದೆ. ಉಳಿದದ್ದನ್ನು ಟೋಸ್ಟ್‌ಗೆ ಹತ್ತು ನಿಮಿಷ ಇರುವಾಗ ಅಡುಗೆಮನೆಯಲ್ಲೇ ತೆರೆಸಿ. ಮಾಮೂಲಿ ವೈನ್‌ಗಾದರೆ ತಿರುಪು ಮುಚ್ಚಳದ್ದೇ ತಗೊಳ್ಳಿ. 20 ಕಾರ್ಕ್ ಕೀಳುವಷ್ಟರಲ್ಲಿ ಟೋಸ್ಟ್ ಮುಗಿದಿರುತ್ತದೆ.

ಒಂದು ಬಾಟಲಿಯಲ್ಲಿ ಒದ್ದೆ ರಟ್ಟಿನಂಥ ವಾಸನೆ ಬಂತು. ಯಾಕೆ?

ಕಾರ್ಕ್‌ನಲ್ಲಿ ಸೇರಿಕೊಳ್ಳುವ ಟಿಸಿಎ ಅನ್ನುವ ರಾಸಾಯನಿಕ. ಆರೋಗ್ಯಕ್ಕೆ ಕೆಟ್ಟದ್ದಲ್ಲ, ಕುಡಿಯಲು ಮಾತ್ರ ಆಗುವುದಿಲ್ಲ. ಬಿಲ್ ಇದ್ದರೆ ಅಂಗಡಿಯವರನ್ನು ಕೇಳಿ ನೋಡಿ. ಗ್ಲಾಸಿಗೆ ಸುರಿಯುವ ಮೊದಲು ಪ್ರತಿ ಬಾಟಲಿಯನ್ನೂ ಒಮ್ಮೆ ಮೂಸುವ ಕೆಲಸ ಒಬ್ಬರಿಗೆ ಒಪ್ಪಿಸಿ. ನೆಗಡಿ ಆದವರಿಗೆ ಬೇಡ!

ನಾವು ಅಮೆರಿಕದಲ್ಲಿದ್ದೇವೆ. ಮಗಳ ರಿಸೆಪ್ಷನ್ ಇಲ್ಲೇ. ಇಲ್ಲಿಗೂ ಇದೇ ಲೆಕ್ಕವಾ?

ಗ್ಲಾಸಿನ ಲೆಕ್ಕ ಅದೇ, ಬೆಲೆಯ ಲೆಕ್ಕ ಬೇರೆ. ಅಲ್ಲಿ ಕ್ಯಾಲಿಫೋರ್ನಿಯಾದ್ದೇ ಅಗ್ಗಕ್ಕೆ ಸಿಗುತ್ತದೆ. 2002ರಲ್ಲಿ ಟ್ರೇಡರ್ ಜೋಸ್ ಅಂಗಡಿಯಲ್ಲಿ ಚಾರ್ಲ್ಸ್ ಶಾ ವೈನ್ ಬಾಟಲಿಗೆ 1.99 ಡಾಲರ್‌ಗೇ ಬಂದಿತ್ತು. 3 ಲೀಟರಿನ ಪೆಟ್ಟಿಗೆ ವೈನ್ ಅಂದರೆ 4 ಬಾಟಲಿಗೆ ಸಮ. ಜಗ್ಗಿಗೆ ಸುರಿದು ಬಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ತೆರೆಯದ ಬಾಟಲಿ ವಾಪಸ್ ಪಡೆಯುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೊಳ್ಳುವ ಮೊದಲೇ ಕೇಳಿ.

ಮದುವೆ ಮುಗಿಯಿತು. ಉಳಿದದ್ದನ್ನು ಏನು ಮಾಡೋದು?

ತೆರೆಯದ ಬಾಟಲಿ ಅಂಗಡಿಯವರು ವಾಪಸ್ ತಗೊಳ್ಳುತ್ತಾರೆ ಅಂತ ಇಲ್ಲಿ ನಂಬಿ ಕೂರಬೇಡಿ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೂ ಮಿತಿ ಇದೆ. ಹಾಗಾಗಿ ಪೆಟ್ಟಿಗೆಗಟ್ಟಲೆ ಉಳಿಸಿಕೊಳ್ಳದೆ ಅಡುಗೆ, ಅಲಂಕಾರ, ಓಡಾಟ ಅಂತ ಮೈಮುರಿದು ದುಡಿದವರಿಗೆ ಒಂದೊಂದು ಕೊಡಿ.

ತೆರೆದ ವೈಟ್ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಬರುತ್ತದೆ, ರೆಡ್ ಸಹ ಅಷ್ಟೇ. ಗ್ಲಾಸುಗಳಲ್ಲಿ ಉಳಿದದ್ದನ್ನು ಚೆಲ್ಲಿ, ಬಾಟಲಿಯಲ್ಲಿ ಉಳಿದದ್ದನ್ನು ಮಾತ್ರ ಒಟ್ಟು ಮಾಡಿ. ನಮ್ಮ ಮನೆಯಲ್ಲಿ ಅದು ಮರುದಿನದ ಪೋರ್ಕ್ ವಿಂದಾಲುಗೆ ವಿನೆಗರ್ ಜೊತೆ ಅರ್ಧ ಲೋಟ ಹೋಗುತ್ತದೆ. ಉಳಿದ ನೆಂಟರು ಇನ್ನೂ ಮನೆಯಲ್ಲೇ ಇರುತ್ತಾರಲ್ಲ, ಮಿಕ್ಕದ್ದನ್ನು ಅವರು ನೋಡಿಕೊಳ್ಳುತ್ತಾರೆ.